ಒಂದೇ ಊರಲ್ಲಿ ಇಷ್ಟೊಂದು ಬೆರ್ನಾರ್ಡ್‌ಗಳು

ಜರ್ಮನಿಯ ವೆಸ್ಟ್‌ಫಾಲಿಯಾ ಸೀಮೆಯ ಯಾವುದಾದರೂ ಕ್ಯಾಥೊಲಿಕ್ ಹಳ್ಳಿಯ ಹಳೆಯ ಜ್ಞಾನಸ್ನಾನದ ಪುಸ್ತಕ ತೆರೆದು ನೋಡಿ. ಗಂಡುಮಕ್ಕಳೆಲ್ಲ ಯೋಹಾನ್, ಬೆರ್ನಾರ್ಡ್, ಹೈನ್ರಿಶ್, ಹೆರ್ಮಾನ್, ಗೆರ್ಹಾರ್ಡ್. ಹೆಣ್ಣುಮಕ್ಕಳೆಲ್ಲ ಅನ್ನಾ, ಮರಿಯಾ, ಎಲಿಸಬೆತ್, ಕಾತರೀನಾ, ಗೆರ್ಟ್ರುಡ್. ಪುಟ ತಿರುಗಿಸಿದರೆ ಮತ್ತೆ ಅದೇ. ಇರುವ ಬೆರಳೆಣಿಕೆಯ ಹೆಸರುಗಳನ್ನೇ ಒಂದಕ್ಕೊಂದು ಜೋಡಿಸಿಕೊಂಡು ಊರಿಗೆ ಊರೇ ತಲೆಮಾರುಗಟ್ಟಲೆ ಬಾಳಿದೆ. ಇದರೊಳಗಿಂದ ನನ್ನ ಗಂಡನ ಪೂರ್ವಜನೊಬ್ಬನನ್ನು ಹೆಕ್ಕಿ ತೆಗೆಯಲು ಹೊರಟವಳು ನಾನು.

ಮದುವೆಯಾಗಿ ಮ್ಯೂನ್‌ಸ್ಟರ್ ನಗರದ ಹತ್ತಿರ ಬಂದು ನೆಲೆಸಿದ ಮೇಲೆ ಈ ಗೀಳು ಹತ್ತಿತು. ಅತ್ತೆಯ ಕಪಾಟಿನಲ್ಲಿ ಒಂದು ತೆಳ್ಳನೆಯ ಪುಸ್ತಕ ಇತ್ತು. ನನ್ನವರ ತಾತನದು. ಅದಕ್ಕೆ ಆನೆನ್‌ಪಾಸ್ ಅಂತಾರೆ, ವಂಶದ ಪಾಸ್‌ಪೋರ್ಟ್ ಇದ್ದ ಹಾಗೆ. ಜರ್ಮನಿಯಲ್ಲಿ ಎಷ್ಟೋ ಮನೆಗಳ ವಂಶಾವಳಿ ಶುರುವಾಗುವುದು ಇಂಥ ಪುಸ್ತಕದಿಂದಲೇ. ಹಾಗಾಗಿ ಅದು ಹುಟ್ಟಿದ್ದು ಯಾಕೆ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು.

1933ರ ಏಪ್ರಿಲ್ 7ರಂದು ನಾತ್ಸಿ ಸರ್ಕಾರ ಒಂದು ಕಾನೂನು ತಂದಿತು. ಸರ್ಕಾರಿ ನೌಕರಿಯಲ್ಲಿ ಇರುವವರು ತಾವು 'ಆರ್ಯ' ಮೂಲದವರು ಅಂತ ತೋರಿಸಬೇಕು. ತೋರಿಸುವುದು ಹೇಗೆ? ಅಜ್ಜ ಅಜ್ಜಿಯರ ಜ್ಞಾನಸ್ನಾನದ ದಾಖಲೆಯಿಂದ. ಆಮೇಲೆ ಇದು ಬೇರೆ ಬೇರೆ ಕೆಲಸಗಳಿಗೂ ಹಬ್ಬಿತು. ಎಸ್‌ಎಸ್ ಪಡೆಯ ಅಧಿಕಾರಿಗಳಾದರೆ 1750ರವರೆಗೂ ಹಿಂದಕ್ಕೆ ಹೋಗಬೇಕಿತ್ತು. ಊರೂರಿನ ಪಾದ್ರಿಗಳ ಮುಂದೆ ಅರ್ಜಿಗಳ ರಾಶಿ ಬಿತ್ತು. ಅವರು ಹಳೆಯ ಪುಸ್ತಕ ನೋಡಿ ಬರೆದುಕೊಟ್ಟು ಸೀಲು ಹಾಕಿದರು. ಯಾರದಾದರೂ ಅಜ್ಜಿ ಯಹೂದಿಯಾಗಿ ಹುಟ್ಟಿ ದೊಡ್ಡವಳಾದ ಮೇಲೆ ಜ್ಞಾನಸ್ನಾನ ಪಡೆದು ಹೊಸ ಹೆಸರು ಇಟ್ಟುಕೊಂಡಿದ್ದರೆ, ಅದೂ ಅದೇ ಪುಸ್ತಕದಲ್ಲಿ ಇರುತ್ತಿತ್ತು. ಮೊಮ್ಮಕ್ಕಳ ಬದುಕು ಆ ಒಂದು ಸಾಲಿನಿಂದ ಹಾಳಾಗುತ್ತಿತ್ತು. 1938ರ ಆಗಸ್ಟ್‌ನಲ್ಲಿ ಇನ್ನೊಂದು ಆಜ್ಞೆ ಬಂತು. ಸರ್ಕಾರದ ಪಟ್ಟಿಯಲ್ಲಿರುವ ಯಹೂದಿ ಹೆಸರು ಇಲ್ಲದ ಯಹೂದಿಗಳು 1939ರ ಜನವರಿ 1ರಿಂದ ಗಂಡಸಾದರೆ ಇಸ್ರೇಲ್, ಹೆಂಗಸಾದರೆ ಸಾರಾ ಅಂತ ಹೆಸರಿಗೆ ಸೇರಿಸಿಕೊಳ್ಳಬೇಕು.

ಮನೆಯವರಿಗೆ ಆ ಪುಸ್ತಕ ಮುಟ್ಟಲು ಮುಜುಗರ. ಎಸೆಯಲೂ ಮನಸ್ಸಿಲ್ಲ. "ನೀನು ಬೇಕಾದರೆ ನೋಡಮ್ಮ" ಅನ್ನುವ ಹಾಗೆ ಅತ್ತೆ ಅದನ್ನು ನನ್ನ ಕೈಗಿಟ್ಟರು. ಹೊರಗಿಂದ ಬಂದವಳಿಗೆ ಇಂಥ ಕೆಲಸ ಸ್ವಲ್ಪ ಸಲೀಸು. ಅದರಲ್ಲಿ ಕೊನೆಯ ಹೆಸರು 1819ರಲ್ಲಿ ಹುಟ್ಟಿದ ಒಬ್ಬ ಯೋಹಾನ್ ಬೆರ್ನಾರ್ಡ್. ಅಲ್ಲಿಂದ ಹಿಂದಕ್ಕೆ ಹೋಗಬೇಕಾಗಿತ್ತು.

ಜರ್ಮನಿಯಲ್ಲಿ ಹುಡುಕಾಟದ ದಾರಿ ಒಂದು ಮಟ್ಟಿಗೆ ಗಟ್ಟಿಯಾಗಿ ಗೊತ್ತಿದೆ. ಈ ಸೀಮೆ ಆಗ ಪ್ರಷ್ಯ ರಾಜ್ಯದಲ್ಲಿತ್ತು. ಅಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1874ರ ಅಕ್ಟೋಬರ್ 1ರಂದು. ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಬಂದದ್ದು 1876ರ ಜನವರಿ 1ರಿಂದ. ಈ ದಾಖಲೆಗಳು ಎಲ್ಲರಿಗೂ ತೆರೆಯಬೇಕಾದರೆ ಜನನಕ್ಕೆ 110 ವರ್ಷ, ಮದುವೆಗೆ 80, ಮರಣಕ್ಕೆ 30 ವರ್ಷ ಕಳೆದಿರಬೇಕು. ಅದಕ್ಕೂ ಹಿಂದಿನದು ಬೇಕಾದರೆ ಚರ್ಚಿನ ಪುಸ್ತಕವೇ ಗತಿ. ನಡುವೆ ನೆಪೋಲಿಯನ್ ಕಾಲದಲ್ಲಿ ಮಾತ್ರ ಕೆಲವು ವರ್ಷ ಫ್ರೆಂಚ್ ಪದ್ಧತಿಯ ಸರ್ಕಾರಿ ನೋಂದಣಿ ನಡೆದಿತ್ತು.

ಒಳ್ಳೆಯ ಸಂಗತಿ ಏನೆಂದರೆ ಮ್ಯೂನ್‌ಸ್ಟರ್ ಧರ್ಮಪ್ರಾಂತ್ಯದ ಹಳೆಯ ಪುಸ್ತಕಗಳು ಮಾತ್ರಿಕುಲಾ ಎಂಬ ಜಾಲತಾಣದಲ್ಲಿ ಇವೆ. ದುಡ್ಡಿಲ್ಲ. ಪುಟದ ಫೋಟೊ ಹಾಗೆಯೇ ಕಾಣುತ್ತದೆ. ಆದರೆ ಹೆಸರು ಟೈಪ್ ಮಾಡಿ ಹುಡುಕುವ ಸೌಕರ್ಯವನ್ನು ನಂಬಿಕೊಂಡು ಕೂರಬೇಡಿ. ಪುಟ ಪುಟವಾಗಿ ಕಣ್ಣಲ್ಲೇ ಓದಬೇಕು. ರಾತ್ರಿ ಮಗು ಮಲಗಿದ ಮೇಲೆ ನಾನು ಮಾಡುತ್ತಿದ್ದದ್ದು ಅದೇ.

ಓದುವುದು ಮೊದಮೊದಲು ಹಿಂಸೆ. ನಮ್ಮ ಹಳ್ಳಿಯ ಪುಸ್ತಕ ಹದಿನೆಂಟನೇ ಶತಮಾನದಲ್ಲಿ ಲ್ಯಾಟಿನ್‌ನಲ್ಲಿದೆ, ಆಮೇಲೆ ಜರ್ಮನ್‌ಗೆ ತಿರುಗುತ್ತದೆ. ಜರ್ಮನ್ ಬಂತಲ್ಲ ಅಂತ ಖುಷಿಪಡುವ ಹಾಗಿಲ್ಲ, ಅದು ಕುರೆಂಟ್ ಎಂಬ ಹಳೆಯ ಲಿಪಿಯಲ್ಲಿದೆ. ಅದರಲ್ಲಿ ಇ, ಎನ್, ಯು ಮೂರೂ ಒಂದೇ ಥರದ ಗೀಟು. ಯು ಮೇಲೆ ಒಂದು ಕೊಕ್ಕೆ ಹಾಕುತ್ತಾರೆ, ಅದನ್ನು ನೋಡಿ ಗುರುತಿಸಬೇಕು. ನನ್ನವರಿಗೇ ಓದಲು ಬರುವುದಿಲ್ಲ. ಅತ್ತೆಗೆ ತಮ್ಮ ಅಜ್ಜಿಯ ಕಾಗದಗಳನ್ನು ಓದಿ ಅಲ್ಪಸ್ವಲ್ಪ ರೂಢಿ. ನಾನಂತೂ ಅಕ್ಷರಮಾಲೆ ಬರೆದು ಗೋಡೆಗೆ ಅಂಟಿಸಿಕೊಂಡೆ.

ಲ್ಯಾಟಿನ್ ಪುಟಗಳು ಅದಕ್ಕಿಂತ ವಾಸಿ. ಪಾದ್ರಿಗಳು ಬಳಸುವುದು ನಾಲ್ಕಾರು ಮಾತುಗಳನ್ನೇ. ತಾರೀಖಿನಲ್ಲಿ ಮಾತ್ರ ಹುಷಾರಾಗಿರಬೇಕು. 7 ಅಂತ ಬರೆದು ಅದರ ಪಕ್ಕ 'ಬ್ರಿಸ್' ಅಂತ ಇದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಇದ್ದರೆ ಅಕ್ಟೋಬರ್, 9 ಇದ್ದರೆ ನವೆಂಬರ್, ಎಕ್ಸ್ ಇದ್ದರೆ ಡಿಸೆಂಬರ್. ಹಳೆಯ ರೋಮನ್ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿದ್ದದ್ದರ ಲೆಕ್ಕ ಅದು.

ಮನುಷ್ಯರ ಹೆಸರೂ ಲ್ಯಾಟಿನ್ ವೇಷದಲ್ಲೇ ಬರುತ್ತದೆ. ಊರವರು ಯಾನ್ ಅಂತ ಕರೆಯುತ್ತಿದ್ದವನು ಪುಸ್ತಕದಲ್ಲಿ ಯೊವಾನ್ನೆಸ್. ಹಿನ್ನರ್ಕ್ ಇದ್ದವನು ಹೆನ್ರಿಕುಸ್. ಡಿರ್ಕ್ ಎಂಬವನು ತೆಯೊಡೋರುಸ್ ಆಗಿಬಿಡುತ್ತಾನೆ. ಡಿರ್ಕ್ ಹೆಸರಿಗೂ ತೆಯೊಡೋರುಸ್‌ಗೂ ಮೂಲದಲ್ಲಿ ಸಂಬಂಧವೇ ಇಲ್ಲ, ಆದರೆ ಚರ್ಚಿಗೆ ಸಂತರ ಪಟ್ಟಿಯಲ್ಲಿರುವ ಹೆಸರು ಬೇಕು, ಕಿವಿಗೆ ಹತ್ತಿರದ್ದನ್ನು ಹಾಕಿದರು. ಸಾಲದ್ದಕ್ಕೆ ಯೋಹಾನ್ ಅನ್ನುವುದು ಸುಮಾರು ಎಲ್ಲ ಗಂಡುಮಕ್ಕಳ ಮುಂದೆಯೂ ಇರುತ್ತದೆ. ಅದು ಕರೆಯುವ ಹೆಸರು ಅಲ್ಲವೇ ಅಲ್ಲ. ಯೋಹಾನ್ ಬೆರ್ನಾರ್ಡ್ ಅಂತ ಬರೆದಿದ್ದರೆ ಮನೆಯಲ್ಲಿ ಅವನು ಬೆರ್ನಾರ್ಡ್. ಹೆಣ್ಣುಮಕ್ಕಳಿಗೆ ಅನ್ನಾ ಮರಿಯಾ ಕೂಡ ಹೀಗೇ. ಅಣ್ಣತಮ್ಮಂದಿರು ನಾಲ್ವರೂ ಯೋಹಾನ್ ಆಗಿದ್ದರೆ ಗಾಬರಿ ಬೇಡ.

ಈಗ ಈ ಹೆಸರು ಎಲ್ಲಿಂದ ಬರುತ್ತಿತ್ತು ಅನ್ನುವ ಮಾತು. ನನ್ನ ಹುಡುಕಾಟದಲ್ಲಿ ಬಾಗಿಲು ತೆರೆದದ್ದು ಇಲ್ಲೇ.

1545ರಿಂದ 1563ರವರೆಗೆ ಈಗಿನ ಇಟಲಿಯ ತ್ರೆಂತೊ ಊರಲ್ಲಿ ಕ್ಯಾಥೊಲಿಕ್ ಚರ್ಚಿನ ಮಹಾಸಭೆ ನಡೆಯಿತು. ಕೊನೆಯ ವರ್ಷ, 1563ರ ನವೆಂಬರ್‌ನಲ್ಲಿ, ಮದುವೆಯ ಬಗ್ಗೆ ಕಟ್ಟಳೆ ಮಾಡಿದರು. ಪ್ರತಿ ಪಾದ್ರಿಯೂ ಮದುವೆಯ ಪುಸ್ತಕ ಇಡಬೇಕು. ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿಕೊಳ್ಳುವ ಜ್ಞಾನತಂದೆ, ಜ್ಞಾನತಾಯಿ ಯಾರು ಅಂತ ಕೇಳಿ ಅವರ ಹೆಸರೂ ಬರೆದಿಡಬೇಕು. ಯಾಕೆ ಅಂದರೆ ಮಗುವನ್ನು ಎತ್ತಿಕೊಂಡವರು ಆ ಮಗುವಿಗೂ ಅದರ ಅಪ್ಪ ಅಮ್ಮನಿಗೂ ಆತ್ಮಿಕ ನೆಂಟರಾಗುತ್ತಿದ್ದರು. ಆ ನೆಂಟಸ್ತನ ಇದ್ದವರ ನಡುವೆ ಮದುವೆ ಕೂಡದು. ಬರೆದಿಡದಿದ್ದರೆ ನಾಳೆ ಯಾರು ಯಾರಿಗೆ ನೆಂಟರು ಅಂತ ಹೇಳುವುದು ಹೇಗೆ? ಎತ್ತಿಕೊಳ್ಳುವವರು ಒಬ್ಬರು, ಹೆಚ್ಚೆಂದರೆ ಒಂದು ಗಂಡು ಒಂದು ಹೆಣ್ಣು, ಅಂತಲೂ ಮಿತಿ ಹಾಕಿದರು. 1614ರ ರೋಮನ್ ವಿಧಿಪುಸ್ತಕ ಜ್ಞಾನಸ್ನಾನ, ಮದುವೆ, ಮರಣ ಎಲ್ಲಕ್ಕೂ ಪುಸ್ತಕದ ನಮೂನೆ ಕೊಟ್ಟಿತು. ಆಮೇಲೆ ಮೂವತ್ತು ವರ್ಷದ ಯುದ್ಧ ಬಂತು. ಅದು ಮುಗಿದ ಒಪ್ಪಂದ 1648ರಲ್ಲಿ ಆದದ್ದು ಇದೇ ಮ್ಯೂನ್‌ಸ್ಟರ್ ಮತ್ತು ಓಸ್ನಾಬ್ರ್ಯೂಕ್ ಊರುಗಳಲ್ಲಿ. ಈ ಕಡೆ ಬಹಳಷ್ಟು ಹಳ್ಳಿಗಳ ಪುಸ್ತಕ ಸಿಗುವುದು ಅದರ ನಂತರವೇ.

ಮದುವೆ ತಡೆಯಲು ಬರೆಸಿದ್ದು ನನ್ನಂಥವರಿಗೆ ನಿಧಿಯಾಯಿತು. ನಾನು ಓದಿದ ಪುಸ್ತಕದಲ್ಲಿ ಗಂಡುಮಗುವಿಗೆ ಜ್ಞಾನತಂದೆಯ ಹೆಸರು, ಹೆಣ್ಣುಮಗುವಿಗೆ ಜ್ಞಾನತಾಯಿಯ ಹೆಸರು ಇಡುವುದು ಹೆಚ್ಚುಕಡಿಮೆ ನಿಯಮವೇ. ಮೊದಲ ಮಕ್ಕಳಿಗೆ ಅಜ್ಜ ಅಜ್ಜಿಯರೋ, ಅತ್ತೆ ಸೋದರಮಾವಂದಿರೋ ಈ ಜಾಗದಲ್ಲಿ ನಿಲ್ಲುತ್ತಾರೆ. ಆದ್ದರಿಂದ ನಮ್ಮ ಕಡೆ ತಾತನ ಹೆಸರು ಮೊಮ್ಮಗನಿಗೆ ಬರುವಂತೆ ಇಲ್ಲೂ ಬರುತ್ತದೆ, ಆದರೆ ಚರ್ಚಿನ ಬಾಗಿಲಿಂದ ಬರುತ್ತದೆ. ಮಗುವಿನ ಸಾಲಿನಲ್ಲಿ ಅಪ್ಪ ಅಮ್ಮನ ಹೆಸರು ನೋಡಿ ಬಿಟ್ಟುಬಿಟ್ಟರೆ ಅರ್ಧ ಸುದ್ದಿ ಕಳೆದುಕೊಂಡಂತೆ. ಮಂಗಳೂರಿನ ಕ್ಯಾಥೊಲಿಕ್ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಗೋವಾದಲ್ಲಿ ಮತಾಂತರದ ಕಾಲದಲ್ಲಿ ಎಷ್ಟೋ ಮನೆಗಳಿಗೆ ಡಿಸೋಜ, ಲೋಬೊ, ಪಿಂಟೊ ಅಂತ ಸರ್‌ನೇಮ್ ಬಂದದ್ದೂ ಹೀಗೇ, ಜ್ಞಾನಸ್ನಾನ ಕೊಟ್ಟ ಪಾದ್ರಿಯದೋ ಎತ್ತಿಕೊಂಡ ಪೋರ್ಚುಗೀಸನದೋ ಹೆಸರು ಹಿಡಿದು.

ಜ್ಞಾನತಂದೆಯ ಹೆಸರಿಗೂ ಮಗುವಿನ ಹೆಸರಿಗೂ ತಾಳೆಯಾಗದಿದ್ದಾಗ ಸಂತರ ಕ್ಯಾಲೆಂಡರ್ ನೋಡಬೇಕು. ಮಾರ್ಚ್ ಕೊನೆಯಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಸುಮ್ನೆ ಲುಡ್‌ಗರ್ ಅಂತ ಇಟ್ಟಿದ್ದರು. ಲುಡ್‌ಗರ್ ಮ್ಯೂನ್‌ಸ್ಟರ್‌ನ ಮೊದಲ ಬಿಷಪ್, 809ರ ಮಾರ್ಚ್ 26ರಂದು ತೀರಿಕೊಂಡವರು. ಅವರ ಹಬ್ಬ ಅದೇ ದಿನ. ಇಂಥ ಹೆಸರು ಊರಿನ ಗುರುತನ್ನೂ ಹೇಳುತ್ತದೆ. ಲಿಬೋರಿಯುಸ್ ಅಂತ ಕಂಡರೆ ಆ ಮನೆಗೆ ಪಾಡರ್‌ಬೋರ್ನ್ ಕಡೆಯ ನಂಟು ಇರಬಹುದು ಅಂತ ಊಹಿಸಬಹುದು, ಆ ಸಂತನ ಅವಶೇಷವನ್ನು ಫ್ರಾನ್ಸಿನ ಲೆ ಮಾನ್‌ನಿಂದ 836ರಲ್ಲಿ ಅಲ್ಲಿಗೆ ತಂದರು. ಕಿಲಿಯಾನ್ ಆದರೆ ವ್ಯೂರ್ಟ್ಸ್‌ಬುರ್ಗ್. ಕೊರ್ಬಿನಿಯಾನ್ ಆದರೆ ಬವೇರಿಯಾದ ಫ್ರೈಸಿಂಗ್. ಬವೇರಿಯಾದ ರೈತರ ಮನೆಯಲ್ಲಿ ಕ್ಸಾವರ್ ಎಂಬ ಹೆಸರು ಧಾರಾಳ. ಅದು ನಮ್ಮ ಹಳೇ ಗೋವಾದಲ್ಲಿ ದೇಹ ಇರುವ ಫ್ರಾನ್ಸಿಸ್ ಕ್ಸೇವಿಯರ್ ಅವರದೇ. 1622ರಲ್ಲಿ ಅವರಿಗೆ ಸಂತ ಪದವಿ ಸಿಕ್ಕಿತು. ಯೋಹಾನ್ ನೆಪೊಮುಕ್‌ಗೆ ಸಿಕ್ಕಿದ್ದು 1729ರಲ್ಲಿ, ಆಮೇಲೆ ನೆಪೊಮುಕ್‌ಗಳ ಸುರಿಮಳೆ.

ಸಂತರಲ್ಲದವರೂ ನುಸುಳುತ್ತಾರೆ. ಈ ಕಡೆ ಕ್ಲೆಮೆನ್ಸ್ ಆಗುಸ್ಟ್ ಎಂಬ ಜೋಡಿ ಹೆಸರು ಆಗಾಗ ಕಾಣುತ್ತದೆ. 1719ರಿಂದ 1761ರವರೆಗೆ ಮ್ಯೂನ್‌ಸ್ಟರನ್ನು ಆಳಿದ ರಾಜಬಿಷಪ್ಪನ ಹೆಸರು ಅದು. 1941ರಲ್ಲಿ ನಾತ್ಸಿಗಳು ಅಂಗವಿಕಲರನ್ನು ಕೊಲ್ಲುತ್ತಿದ್ದದ್ದರ ವಿರುದ್ಧ ಇಲ್ಲಿ ಚರ್ಚಿನಲ್ಲಿ ನಿಂತು ಮಾತಾಡಿದ ಬಿಷಪ್ ಫಾನ್ ಗಾಲೆನ್ ಅವರ ಹೆಸರೂ ಕ್ಲೆಮೆನ್ಸ್ ಆಗುಸ್ಟ್.

ಅತ್ತೆಯ ತವರಿನ ಕಡೆ ಕಥೆ ಬೇರೆ. ಅವರು ಟೆಕ್ಲೆನ್‌ಬುರ್ಗ್ ಸೀಮೆಯವರು, ಕಾಲ್ವಿನ್ ಪಂಥದವರು, ಅಂದರೆ ಸಂತರ ಪೂಜೆ ಒಪ್ಪದ ಪ್ರಾಟೆಸ್ಟಂಟರು. ಅವರ ಪುಸ್ತಕಗಳು ಆರ್ಖಿಯೋನ್ ಎಂಬ ಇನ್ನೊಂದು ತಾಣದಲ್ಲಿವೆ, ಅಲ್ಲಿ ದುಡ್ಡು ಕೊಡಬೇಕು. ಕಾಲ್ವಿನ್ ಇದ್ದ ಜಿನೀವಾದಲ್ಲಿ ಸಂತರ ಹೆಸರಿನ ಮೇಲೆ ಯುದ್ಧವೇ ನಡೆದಿತ್ತು. 1546ರ ಆಗಸ್ಟ್‌ನಲ್ಲಿ ಅಮಿ ಶಾಪುಯಿ ಎಂಬ ಕ್ಷೌರಿಕ ಮಗನಿಗೆ ಕ್ಲೋದ್ ಅಂತ ಹೆಸರಿಡಲು ಹೋದ. ಹತ್ತಿರದಲ್ಲೇ ಆ ಸಂತನ ಯಾತ್ರಾಸ್ಥಳ ಇತ್ತು, ಆ ಹೆಸರು ಊರ ತುಂಬ ಇತ್ತು. ಪಾದ್ರಿ ಕೇಳಲಿಲ್ಲ, ಎಲ್ಲರೆದುರು ಮಗುವಿಗೆ ಅಬ್ರಹಾಂ ಅಂತ ಜ್ಞಾನಸ್ನಾನ ಕೊಟ್ಟುಬಿಟ್ಟ. ಅಪ್ಪ ಮಗುವನ್ನು ಎತ್ತಿಕೊಂಡು ಹೊರಟ, ಚರ್ಚಿನಲ್ಲೇ ಗಲಾಟೆ ಎದ್ದಿತು. ಅದೇ ವರ್ಷ ನವೆಂಬರ್‌ನಲ್ಲಿ ನಗರಸಭೆ ಇಡಬಾರದ ಹೆಸರುಗಳ ಪಟ್ಟಿಯನ್ನೇ ಹೊರಡಿಸಿತು. ಇದನ್ನು ಓದಿಕೊಂಡು ನಾನು ಅತ್ತೆಯ ಕಡೆ ಬರೀ ಅಬ್ರಹಾಂ, ಇಸಾಕ್ ಸಿಗುತ್ತಾರೆ ಅಂತ ಕಾದೆ. ಸಿಕ್ಕವರು ಮತ್ತೆ ಹೆರ್ಮಾನ್, ಹೈನ್ರಿಶ್, ಕಾತರೀನಾ! 1707ರಲ್ಲಿ ಟೆಕ್ಲೆನ್‌ಬುರ್ಗ್ ಪ್ರಷ್ಯದ ಕೈಗೆ ಹೋದ ಮೇಲೆ ಮಧ್ಯೆ ಮಧ್ಯೆ ರಾಜರ ಫ್ರೀಡ್ರಿಶ್ ವಿಲ್‌ಹೆಲ್ಮ್ ಸೇರಿಕೊಂಡ, ಅಷ್ಟೇ. ಪಂಥ ಬದಲಾದರೂ ರೈತರು ಅಜ್ಜನ ಹೆಸರು ಬಿಟ್ಟುಕೊಡಲಿಲ್ಲ ಅಲ್ವಾ ಅಂತ ಅತ್ತೆಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು.

ಮತ್ತೆ ನಮ್ಮ ಬೆರ್ನಾರ್ಡ್ ಹತ್ತಿರ ಬರೋಣ. 1819ರವನ ಅಪ್ಪ ಸುಲಭವಾಗಿ ಸಿಕ್ಕಿದ. ಹುಟ್ಟಿದ್ದು 1784ರಲ್ಲಿ, ಅದೇ ಒಕ್ಕಲುಮನೆಯಲ್ಲಿ. ಅಜ್ಜನ ವಿಷಯಕ್ಕೆ ಬಂದರೆ ಗೋಡೆ. ನನ್ನವರ ಚಿಕ್ಕಪ್ಪ ಹಿಂದೆ ಮಾಡಿದ್ದ ವಂಶವೃಕ್ಷದಲ್ಲಿ ಆತ 1753ರಲ್ಲಿ ಅದೇ ಹಳ್ಳಿಯಲ್ಲಿ ಹುಟ್ಟಿದ ಹೆರ್ಮಾನ್. ಹೆಸರೂ ಸರ್‌ನೇಮೂ ಸರಿಯಾಗಿ ಹೊಂದುತ್ತಿತ್ತು. ಆದರೆ ಫೋಟೊ ದೊಡ್ಡದು ಮಾಡಿ ನೋಡಿದರೆ ಆ ಮಗುವಿನ ಹೆಸರಿನ ಪಕ್ಕ ಒಂದು ಸಣ್ಣ ಶಿಲುಬೆ. ಮಗು ತೀರಿಕೊಂಡರೆ ಪಾದ್ರಿಗಳು ಹಾಕುತ್ತಿದ್ದ ಗುರುತು ಅದು. ಮರಣದ ಪುಸ್ತಕದಲ್ಲಿ ಮುಂದಿನ ವರ್ಷವೇ ಅವನ ಸಾಲು ಸಿಕ್ಕಿತು. ಆಗ ಮಕ್ಕಳು ತೀರಿಕೊಂಡರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. ಹಾಗೇನಾದರೂ ಇರಬಹುದೇ ಅಂದರೆ, ಆ ಮನೆಯಲ್ಲಿ ಮುಂದೆ ಹುಟ್ಟಿದ್ದೆಲ್ಲ ಹೆಣ್ಣುಮಕ್ಕಳು.

ಉತ್ತರ ಇದ್ದದ್ದು ಆ ಹೆಣ್ಣುಮಕ್ಕಳಲ್ಲೇ. ಈ ಸೀಮೆಯಲ್ಲಿ ಸರ್‌ನೇಮ್ ಮನುಷ್ಯನದಲ್ಲ, ಒಕ್ಕಲುಮನೆಯದು. ಆ ಮನೆಯ ಒಕ್ಕಲುತನ ಯಾರು ನಡೆಸುತ್ತಾರೋ ಅವರಿಗೆ ಆ ಹೆಸರು. ಗಂಡುಮಕ್ಕಳಿಲ್ಲದ ಮನೆಗೆ ಬೇರೆ ಊರಿನ ಹುಡುಗ ಮನೆಅಳಿಯನಾಗಿ ಬಂದರೆ, ಆತ ತನ್ನ ಹೆಸರು ಬಿಟ್ಟು ಹೆಂಡತಿ ಮನೆಯ ಹೆಸರು ಹಿಡಿಯುತ್ತಾನೆ. ಆತ ಸತ್ತು ವಿಧವೆ ಇನ್ನೊಬ್ಬನನ್ನು ಮದುವೆಯಾದರೆ ಎರಡನೆಯವನಿಗೂ ಅದೇ ಹೆಸರು. ಪುಸ್ತಕದಲ್ಲಿ ಇದು ಹುಟ್ಟಿನ ಹೆಸರು, ಆಮೇಲೆ 'ಮೋದೊ' ಅಥವಾ 'ಗೆನಾಂಟ್' ಎಂಬ ಕೊಂಡಿ, ಆಮೇಲೆ ಮನೆಯ ಹೆಸರು, ಹೀಗೆ ಬರುತ್ತದೆ. ಅದೂ ಪಾದ್ರಿ ಮನಸ್ಸು ಮಾಡಿದರೆ. 1822ರಲ್ಲಿ ಪ್ರಷ್ಯದ ರಾಜಾಜ್ಞೆ ಬಂದು ಅನುಮತಿಯಿಲ್ಲದೆ ಸರ್‌ನೇಮ್ ಬದಲಿಸುವುದನ್ನು ನಿಲ್ಲಿಸಿತು.

1781ರ ಮದುವೆಯ ಸಾಲು ಸಿಕ್ಕಿದ್ದು ಇದನ್ನು ತಿಳಿದ ಮೇಲೆ. ಹೆಣ್ಣು ಆ ಮನೆಯ ದೊಡ್ಡ ಮಗಳು, ಆಗಲೇ ವಿಧವೆ. ಗಂಡಿನ ಹೆಸರು ಹೆರ್ಮಾನ್ ಹೌದು, ಆದರೆ ಸರ್‌ನೇಮ್ ಇರುವ ಕಡೆ ಶಾಯಿ ಹರಡಿ ಮಸಿ ಮುದ್ದೆ. ಯಾವ ಊರಿನವನು ಅಂತಲೂ ಬರೆದಿಲ್ಲ. ಮಕ್ಕಳ ಜ್ಞಾನಸ್ನಾನದಲ್ಲೆಲ್ಲ ಆತ ಒಕ್ಕಲುಮನೆಯ ಹೆಸರಿನವನೇ.

ಆಗ ಜ್ಞಾನತಂದೆ ಜ್ಞಾನತಾಯಿಯರನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆ. ಎರಡನೇ ಮದುವೆಯ ಮೊದಲ ಮಗು 1782ರಲ್ಲಿ ಹುಟ್ಟಿದ ಗೆರ್ಟ್ರುಡ್. ಅವಳ ಜ್ಞಾನತಾಯಿಯೂ ಗೆರ್ಟ್ರುಡ್, ನಮ್ಮ ಹಳ್ಳಿಯಲ್ಲಿ ಇಲ್ಲದ ಒಂದು ಸರ್‌ನೇಮ್, ಪಕ್ಕದಲ್ಲಿ ಇನ್ನೊಂದು ಹಳ್ಳಿಯ ಹೆಸರು. 1784ರ ಬೆರ್ನಾರ್ಡ್‌ನ ಜ್ಞಾನತಂದೆಯೂ ಬೆರ್ನಾರ್ಡ್, ಅದೇ ಸರ್‌ನೇಮ್, ಅದೇ ಹಳ್ಳಿ. ವಿಧವೆಯ ಮೊದಲ ಗಂಡನ ಮಕ್ಕಳಿಗೆ ಈ ಇಬ್ಬರೂ ಎಲ್ಲೂ ಬಂದಿರಲಿಲ್ಲ. ಅಂದರೆ ಇವರು ಎರಡನೆಯವನ ಕಡೆಯವರು. ಆ ರಾತ್ರಿ ನನ್ನವರನ್ನು ಎಬ್ಬಿಸಿ ಹೇಳಿದೆ. ಅವರು "ಸರಿ ಸರಿ" ಅಂದು ಮಗ್ಗುಲು ತಿರುಗಿದರು.

ಇನ್ನೊಂದು ಹಳ್ಳಿಯ ಪುಸ್ತಕದಲ್ಲಿ 1752ರ ಹೆರ್ಮಾನ್ ಸಿಕ್ಕಿದ, ಶಿಲುಬೆಯ ಗುರುತಿಲ್ಲದೆ. ಅದನ್ನು ಗಟ್ಟಿ ಮಾಡಿಕೊಟ್ಟದ್ದು ಬೇರೊಂದು ದಾಖಲೆ. 1749 ಮತ್ತು 1750ರಲ್ಲಿ ಮ್ಯೂನ್‌ಸ್ಟರ್ ರಾಜಬಿಷಪ್ಪನ ಸೀಮೆಯಲ್ಲಿ ಮನೆಮನೆಯ ಜನರನ್ನು ಪಟ್ಟಿ ಮಾಡಿದ್ದರು. ಸ್ಟಾಟುಸ್ ಅನಿಮಾರುಂ ಅಂತ ಅದರ ಹೆಸರು. ಮನೆಯ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು, ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡ ಬಾಡಿಗೆ ಸಂಸಾರಗಳು, ಎಲ್ಲ ಇದೆ. ಹೆರ್ಮಾನ್ ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಅವನ ಅಪ್ಪ ಅಮ್ಮನ ಕೆಳಗೆ ನಾಲ್ಕು ವರ್ಷದ ಗೆರ್ಟ್ರುಡ್ ಇದ್ದಾಳೆ, ಹೆಗಲಿನ ಮಗು ಬೆರ್ನಾರ್ಡ್ ಇದ್ದಾನೆ. ತಮ್ಮನ ಮಕ್ಕಳಿಗೆ ಹೆಸರು ಕೊಡಲು ಮೂವತ್ತು ವರ್ಷದ ಮೇಲೆ ಬಂದವರು ಇವರೇ ಅಂತ ನಾನು ನಂಬುತ್ತೇನೆ.

ಚಿಕ್ಕಪ್ಪನವರಿಗೆ ತಿಳಿಸುವುದು ಸೂಕ್ಷ್ಮದ ಕೆಲಸ. ಎಪ್ಪತ್ತು ದಾಟಿದವರು, ಆ ಮರವನ್ನು ಫ್ರೇಮ್ ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾರೆ. ಶಿಲುಬೆಯ ಫೋಟೊ ಪ್ರಿಂಟ್ ಮಾಡಿ, ಕೇಕಿನ ಜೊತೆ ತೆಗೆದುಕೊಂಡು ಹೋದೆ. ತುಂಬಾ ಹೊತ್ತು ನೋಡಿದರು. "ಹಾಗಾದರೆ ನಾವು ಈ ಹೆಸರಿನವರೇ ಅಲ್ಲ" ಅಂದರು. ಅಜ್ಜಿಯ ಕಡೆಯಿಂದ ಹೌದಲ್ಲ ಅಂದೆ. ಅದು ಅವರಿಗೆ ಅಷ್ಟೇನೂ ಸಮಾಧಾನ ಕೊಡಲಿಲ್ಲ. ಫ್ರೇಮ್ ಇನ್ನೂ ಅಲ್ಲೇ ಇದೆ, ನನಗೂ ತಕರಾರಿಲ್ಲ.

ಈಗ ಉಳಿದದ್ದು ಆ ಮಸಿ ಮುದ್ದೆಯ ಕೆಳಗಿನ ಹೆಸರು. ಅದಕ್ಕೆ ಚರ್ಚಿನ ಪುಸ್ತಕ ಸಾಲದು. ಆ ಕಾಲದಲ್ಲಿ ಈ ಕಡೆಯ ಒಕ್ಕಲುಗಳಲ್ಲಿ ಬಹಳ ಮಂದಿ ಸ್ವತಂತ್ರರಲ್ಲ, ಒಡೆಯನಿಗೆ ಸೇರಿದವರು. 1770ರಲ್ಲಿ ಮ್ಯೂನ್‌ಸ್ಟರ್ ಇದಕ್ಕೆಂದೇ ಕಟ್ಟಳೆ ಹೊರಡಿಸಿತ್ತು. ಒಬ್ಬ ಒಡೆಯನ ಒಕ್ಕಲು ಇನ್ನೊಬ್ಬ ಒಡೆಯನ ಒಕ್ಕಲುಮನೆಗೆ ಮದುವೆಯಾಗಿ ಹೋಗಬೇಕಾದರೆ ಮೊದಲು ಬಿಡುಗಡೆ ಪತ್ರ ಬರೆಸಿಕೊಳ್ಳಬೇಕು, ಅದಕ್ಕೆ ದುಡ್ಡು ಕಟ್ಟಬೇಕು. ಹೆರ್ಮಾನ್ 1781ರಲ್ಲಿ ಹಾಗೆ ಬಂದಿದ್ದರೆ ಪತ್ರದಲ್ಲಿ ಅವನ ಹುಟ್ಟಿದ ಮನೆಯ ಹೆಸರು, ಹೋಗುವ ಮನೆಯ ಹೆಸರು, ಎರಡೂ ಇರಬೇಕು. ಇಂಥ ಕಾಗದಗಳು ಇರುವುದು ಜಮೀನ್ದಾರ ಮನೆತನದ ದಫ್ತರದಲ್ಲಿ. ಅವನ ಹಳ್ಳಿಯ ಒಡೆಯರು ಯಾರು ಅಂತ ತಿಳಿದಿದೆ, ಅವರ ದಫ್ತರದ ಸೂಚಿಪಟ್ಟಿಯಲ್ಲಿ ಬಿಡುಗಡೆ ಪತ್ರಗಳ ಒಂದು ಕಟ್ಟು ಇರುವುದೂ ಕಂಡಿದೆ. ನೋಡಲು ಅನುಮತಿ ಕೇಳಿ ಬರೆದಿದ್ದೇನೆ. ಬೇಸಿಗೆ ರಜೆ ಮುಗಿದ ಮೇಲೆ ಬನ್ನಿ ಅಂತ ಉತ್ತರ ಬಂದಿದೆ. ಚಿಕ್ಕಪ್ಪನವರೂ ಬರುತ್ತಾರಂತೆ.